ಹೆರಿಗೆಗೆ ಉಂಟು, ಹೆರದವಳಿಗೆ ಇಲ್ಲ

ಮದುವೆಯಾಗಿ ಒಂದು ವರ್ಷ ದಾಟಿತೋ, ನಮ್ಮ ಮಂಗಳೂರಿನಲ್ಲಿ ಹೆಣ್ಣಿನ ಹೊಟ್ಟೆ ಎಲ್ಲರ ಆಸ್ತಿ. ಬಸ್ಸಿಗೆ ಕಾಯುವಾಗ ಸಿಕ್ಕಿದವರೂ ಕೇಳುತ್ತಾರೆ, "ಎಂತ, ವಿಶೇಷ ಉಂಟಾ?" ಇಲ್ಲ ಎಂದರೆ ಮುಗಿಯಿತು. ಒಂದು ಮದ್ದು ಹೇಳದೆ ಅವರು ಬಸ್ಸು ಹತ್ತುವುದಿಲ್ಲ.

ನಮ್ಮ ವಠಾರದ ಶಶಿಪ್ರಭಾಳಿಗೆ ಊರೆಲ್ಲ ಸೇರಿ ಒಂದು ಕಾಯಿಲೆ ಕಂಡುಹಿಡಿದಿತ್ತು. ಉಷ್ಣ. ಹೊಟ್ಟೆಯಲ್ಲಿ ಉಷ್ಣ ಇದ್ದರೆ ಗರ್ಭ ನಿಲ್ಲುವುದಿಲ್ಲವಂತೆ. ಹಾಗಾಗಿ ಅವಳಿಗೆ ಬೆಳಿಗ್ಗೆ ಬೊಂಡದ ನೀರು, ಮಧ್ಯಾಹ್ನ ಪುನರ್ಪುಳಿ ಶರಬತ್ತು, ರಾತ್ರಿ ಮೆಂತೆ ಹಾಕಿದ ಗಂಜಿ. ತಲೆಗೆ ತಂಪಿನೆಣ್ಣೆ. ಮಳೆಗಾಲದಲ್ಲಿಯೂ ಇದು ತಪ್ಪಲಿಲ್ಲ. ಪಾಪ, ಅವಳಿಗೆ ವರ್ಷವಿಡೀ ಶೀತ. ಮೂಗು ಒರೆಸಿಕೊಂಡೇ ಮದ್ದು ಕುಡಿಯುತ್ತಿದ್ದಳು.

ಅವಳ ಗಂಡ ಮಹಾಬಲಣ್ಣ ಆಗ ಎಲ್ಲಿದ್ದ? ಒಲೆಯ ಮುಂದೆ. ಹಂಪನಕಟ್ಟೆಯ ಹತ್ತಿರದ ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್ ಕರಿಯುವುದು ಅವನ ಕೆಲಸ. ನಸುಕಿಗೆ ಕಟ್ಟಿಗೆ ಹೊತ್ತಿಸಿದರೆ ಸಂಜೆಯವರೆಗೂ ದೊಡ್ಡ ಬಾಣಲೆಯ ಎದುರು ನಿಲ್ಲಬೇಕು. ಎಣ್ಣೆ ಸಿಡಿಯಬಾರದು ಎಂದು ಸೊಂಟದಿಂದ ಕೆಳಗೆ ದಪ್ಪ ಗೋಣಿ ಬಿಗಿದುಕೊಳ್ಳುತ್ತಿದ್ದ. ಗಂಡ ಬೇಯುವುದು ಅಲ್ಲಿ, ಹೆಂಡತಿಗೆ ತಂಪು ಮಾಡುವುದು ಇಲ್ಲಿ. ಇದು ಯಾರ ತಲೆಗೂ ಹೋಗಲಿಲ್ಲ.

ನಾನು ರೊಸಾಲಿನ್, ಎಲ್ಲರೂ ಕರೆಯುವುದು ರೊಸಾಲಿನ್ ಬಾಯಿ ಎಂದು. ಅದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುವವಳು. ನಮ್ಮ ಹೋಟೆಲ್ ಕೆಲಸಗಾರರ ಆರೋಗ್ಯ ನಿಧಿಯ ಕಮಿಟಿಯಲ್ಲಿ ಇರುವ ಒಬ್ಬಳೇ ಹೆಂಗಸು. ನನ್ನದು ಸಂಶಯದ ಸ್ವಭಾವ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗ್ರೆಯಿಂದ ಈಗ ತಾನೇ ಬಂದ ಮೀನಾದರೂ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕಿದವಳಲ್ಲ. ಆದರೆ ಮಹಾಬಲಣ್ಣನ ಎದುರು ನನ್ನ ಸಂಶಯ ಏನೂ ಅಲ್ಲ. ಅವನು ಬೇರೆ ಹೋಟೆಲಿನಲ್ಲಿ ಒಂದು ಲೋಟ ಚಾ ಕೂಡ ಕುಡಿಯುವುದಿಲ್ಲ. "ಒಳಗೆ ಎಂತ ನಡೀತದೆ ಅಂತ ನನಗೆ ಗೊತ್ತುಂಟು ಬಾಯಿ" ಎನ್ನುತ್ತಾನೆ.

ಮದುವೆಯಾಗಿ ಏಳನೆಯ ಮಳೆಗಾಲ ಅದು. ಆಷಾಢದ ಹೊತ್ತಿನ ಆಟಿ ತಿಂಗಳು ಹತ್ತಿರ ಬರುವಾಗ ಶಶಿಯ ತಾಯಿ ಗುಲಾಬಿಯಕ್ಕ ಉಳ್ಳಾಲದ ಕಡೆಯಿಂದ ಕೊಡೆ ಹಿಡಿದುಕೊಂಡು ಬಂದರು. ಚಾಪೆಯಲ್ಲಿ ಕೂತರು, ಎಲೆಯಡಿಕೆ ಹಾಕಿದರು, ಆಮೇಲೆ ಅಳಿಯನಿಗೆ ಹೇಳಿದರು.

"ಈ ಆಟಿಗೆ ಮಗಳನ್ನು ಕರಕೊಂಡು ಹೋಗ್ತೇನೆ."

ಇದು ಬರೀ ಆಟಿಯ ಮಾತಲ್ಲ ಎಂದು ಬಾಗಿಲಲ್ಲಿ ನಿಂತಿದ್ದ ನನಗೇ ಗೊತ್ತಾಯಿತು. ಹೊಸ ಮದುಮಗಳು ಮೊದಲನೆಯ ಆಟಿಗೆ ತಾಯಿಮನೆಗೆ ಹೋಗಿ ಕೂರುವುದು ನಮ್ಮ ಊರಿನ ಕ್ರಮ. ಆದರೆ ಏಳು ವರ್ಷ ಸಂಸಾರ ಮಾಡಿದವಳನ್ನು ಆಟಿಗೆ ಕರೆಯುತ್ತಾರಾ? ಅವರ ಕುಟುಂಬದಲ್ಲಿ ಮನೆ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಗುಲಾಬಿಯಕ್ಕನಿಗೆ ಇರುವುದು ಶಶಿ ಒಬ್ಬಳೇ ಮಗಳು. ಅವಳ ಮಡಿಲು ತುಂಬದಿದ್ದರೆ ಆ ಮನೆಯ ಹೆಸರು ಅಲ್ಲಿಗೆ ಮುಗಿಯಿತು.

"ಆಟಿ ಕಳೆದ ಮೇಲೆ ಕಳಿಸ್ತೀರಲ್ಲ ಮಾಮಿ?" ಮಹಾಬಲಣ್ಣ ಅತ್ತೆಯನ್ನು ಕೇಳಿದ.

ಗುಲಾಬಿಯಕ್ಕ ಸುಣ್ಣದ ಡಬ್ಬಿ ಮುಚ್ಚಿದರು. "ಮದ್ದಾಯಿತು. ನಾಗನಿಗೆ ತಂಬಿಲದ ಪೂಜೆ ಆಯಿತು. ಗಂಡ ಬದಲಾದ ಮೇಲೆ ಫಲ ಬಂದದ್ದು ನಮ್ಮ ಕುಟುಂಬದಲ್ಲಿ ಉಂಟು. ನಾನು ಎಂತದೂ ಹೇಳುದಿಲ್ಲ. ಆಟಿಗೆ ಬರ್ತೇನೆ."

ಅವರು ಹೋದ ಮೇಲೆ ಮಹಾಬಲಣ್ಣ ಗುಡುಗಿದ. "ನೋಡಿ ಬಾಯಿ, ಮುದುಕಿ ಎಲ್ಲಿಯೋ ಗಂಡು ನೋಡಿ ಇಟ್ಟಿದ್ದಾಳೆ!" ಶಶಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನಗೆ ಸುಮ್ಮನಿರಲಿಕ್ಕೆ ಆಗಲಿಲ್ಲ. ನನ್ನ ಅಕ್ಕನ ಮಗಳು ವೆರೋನಿಕಾ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸು. ಆದಿತ್ಯವಾರ ಪೂಜೆ ಮುಗಿಸಿ ಬಂದವಳನ್ನು ಸೀದಾ ಮಹಾಬಲಣ್ಣನ ಮನೆಗೆ ಕರೆದುಕೊಂಡು ಹೋದೆ.

"ಮಹಾಬಲಣ್ಣ, ಶಶಿಯಕ್ಕನನ್ನು ಯಾರಿಗೆಲ್ಲ ತೋರಿಸಿದ್ದೀರಿ?" ವೆರೋನಿಕಾ ಕೇಳಿದಳು.

"ಪಂಡಿತರಿಗೆ ತೋರಿಸಿದೆ. ಜೋಯಿಸರಿಗೆ ತೋರಿಸಿದೆ. ಇನ್ನು ಯಾರು ಬಾಕಿ?"

"ನೀವು ಬಾಕಿ. ನಿಮ್ಮನ್ನು ಯಾರಿಗೆ ತೋರಿಸಿದ್ದೀರಿ?"

"ನನಗೆ ಎಂತ ಆಗಿದೆ ಮಾರಾಯ್ತಿ? ಒಂದು ಮುಡಿ ಅಕ್ಕಿ ಹೆಗಲ ಮೇಲೆ ಎತ್ತಿಕೊಂಡು ಮಾಳಿಗೆ ಹತ್ತುತ್ತೇನೆ."

"ಮುಡಿ ಎತ್ತುವ ಶಕ್ತಿ ಬೇರೆ, ಮಗು ಆಗುವ ಶಕ್ತಿ ಬೇರೆ. ಮಕ್ಕಳಾಗದಿದ್ದರೆ ಕಾರಣ ಹೆಂಗಸಿನಲ್ಲಿ ಇರಬಹುದು, ಗಂಡಸಿನಲ್ಲಿ ಇರಬಹುದು, ಇಬ್ಬರಲ್ಲೂ ಇರಬಹುದು. ಗಂಡಸಿನ ಪರೀಕ್ಷೆ ಬಹಳ ಸುಲಭ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ವೀರ್ಯವನ್ನು ಒಂದು ಬಾಟ್ಲಿಯಲ್ಲಿ ಕೊಟ್ಟರೆ ಆಯಿತು. ಅದನ್ನು ಮೊದಲು ಮಾಡಿಸಬೇಕು."

ಮಹಾಬಲಣ್ಣನ ಮುಖ ಕೆಂಪಾಯಿತು. ನಾಚಿಕೆಯೋ ಸಿಟ್ಟೋ ಹೇಳುವುದು ಕಷ್ಟ.

"ನಿಮ್ಮ ಆಸ್ಪತ್ರೆಯ ಗೋಡೆಯಲ್ಲಿ ಎಂತ ಉಂಟು ಸಿಸ್ಟರ್? ಕೆಂಪು ತ್ರಿಕೋನ. ಎರಡೇ ಸಾಕು ಅಂತ ಬರೆದವರು ನನಗೆ ಒಂದು ಆಗಲಿಕ್ಕೆ ಮದ್ದು ಕೊಡ್ತಾರಾ? ಎಮರ್ಜೆನ್ಸಿಯಲ್ಲಿ ಗಂಡಸರನ್ನು ಹಿಡಿದು ಮಕ್ಕಳಾಗದ ಹಾಗೆ ಮಾಡಿದ ಎಂತೆಂಥ ಸುದ್ದಿ ಕೇಳಿದ್ದೇವೆ! ಪರೀಕ್ಷೆ ಅಂತ ಕರೀತಾರೆ. ಮಂಚದಲ್ಲಿ ಮಲಗಿಸಿದ ಮೇಲೆ ಎಂತ ಕಟ್ಟಿದರು ಅಂತ ನನಗೆ ಗೊತ್ತಾಗ್ತದಾ?"

ಹಾಲಿನಲ್ಲಿ ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಆ ಕಾಲದ ಸುದ್ದಿ ಕೇಳಿ ಹೆದರಿದವರು ನಮ್ಮಲ್ಲಿ ಒಬ್ಬಿಬ್ಬರಲ್ಲ. ಇದನ್ನು ಓದುವ ನೀವೂ ಹೆದರಿದವರೇ ಇರಬಹುದು. ವೆರೋನಿಕಾ ಬೈಯಲಿಲ್ಲ.

"ಒಂದೇ ಬಾಗಿಲಲ್ಲಿ ಎರಡು ಕೆಲಸ ನಡೀತದೆ ಮಹಾಬಲಣ್ಣ. ಬೇಡ ಎನ್ನುವವರಿಗೆ ಬೇಡದ ಹಾಗೆ, ಬೇಕು ಎನ್ನುವವರಿಗೆ ಬೇಕಾದ ಹಾಗೆ. ನಿಮಗೆ ನಂಬಿಕೆ ಬರಲಿಕ್ಕೆ ಎಂತ ಮಾಡಬೇಕು ಹೇಳಿ."

"ನಾನು ಹೋಟೆಲಿನವ. ಎದುರಿಗೆ ದೇವರ ಪಟ, ಊದುಬತ್ತಿ. ಹಿಂದೆ ನಿನ್ನೆಯ ಸಾಂಬಾರು. ಎದುರು ನೋಡಿ ನಾನು ನಂಬುದಿಲ್ಲ. ನನಗೆ ನಿಮ್ಮ ಅಡುಗೆಮನೆ ತೋರಿಸಬೇಕು."

"ತೋರಿಸುವ. ಲ್ಯಾಬಿನ ಡಾಕ್ಟರನ್ನು ನಾನು ಕೇಳ್ತೇನೆ."

ಅವನು ಹಾಗೆ ಹೇಳಿದ್ದು ತಪ್ಪಿಸಿಕೊಳ್ಳಲಿಕ್ಕೆ. ಆಸ್ಪತ್ರೆಯವರು ಒಪ್ಪುತ್ತಾರೆ ಎಂದು ಅವನು ಎಣಿಸಿರಲಿಲ್ಲ. ಒಪ್ಪಿಬಿಟ್ಟರು! ಮಾತು ಕೊಟ್ಟ ಮೇಲೆ ಹೋಗದಿದ್ದರೆ ಮರ್ಯಾದೆ ಪ್ರಶ್ನೆ.

ಗಂಡ ಹೆಂಡತಿ ಇಬ್ಬರನ್ನೂ ಪರೀಕ್ಷೆ ಮಾಡಿದರು. ನಾನೂ ಜೊತೆಗೆ ಹೋಗಿದ್ದೆ. ಶಶಿಗೆ ಯಾವ ತೊಂದರೆಯೂ ಕಾಣಲಿಲ್ಲ. ಮಹಾಬಲಣ್ಣನನ್ನು ಲ್ಯಾಬಿನ ಡಾಕ್ಟರು ಒಳಗೆ ಕರೆದು ಸ್ಟೂಲಿನಲ್ಲಿ ಕೂರಿಸಿದರು. ಗಾಜಿನ ತುಂಡಿನ ಮೇಲೆ ಅವನದೇ ವೀರ್ಯದ ಹನಿ. ಮೈಕ್ರೋಸ್ಕೋಪಿಗೆ ಕಣ್ಣು ಇಡಲು ಹೇಳಿದರು. ಮೊದಲು ಅವನಿಗೆ ತನ್ನ ರೆಪ್ಪೆಯ ಕೂದಲೇ ಕಂಡಿತಂತೆ. "ಇದು ಎಂತ, ಹುಲ್ಲಾ?" ಎಂದು ಕೇಳಿದನಂತೆ. ಆಮೇಲೆ ಡಾಕ್ಟರು ಸರಿಮಾಡಿ ಕೊಟ್ಟರು.

"ಓಡಾಡ್ತಾ ಇರುವುದು ಕಾಣ್ತದಾ? ಅದರಿಂದಲೇ ಮಗು. ಹನಿ ತುಂಬ ಇರಬೇಕಿತ್ತು. ನಿಮ್ಮದರಲ್ಲಿ ಅಲ್ಲೊಂದು ಇಲ್ಲೊಂದು ಉಂಟು. ಅದರಲ್ಲಿಯೂ ಹೆಚ್ಚಿನವು ಅಲುಗಾಡುವುದಿಲ್ಲ."

ಮಹಾಬಲಣ್ಣ ಹೊರಗೆ ಬಂದವನು ಮೆಟ್ಟಿಲಲ್ಲಿ ಕೂತ. ಹೆಂಡತಿಯ ಮುಖ ನೋಡಲಿಲ್ಲ. ಬೇರೆಯವರು ಹೇಳಿದ್ದಾದರೆ ಸುಳ್ಳು ಎನ್ನಬಹುದಿತ್ತು. ತನ್ನ ಕಣ್ಣಿನಲ್ಲಿಯೇ ನೋಡಿದ ಮೇಲೆ ಯಾರನ್ನು ಸಂಶಯ ಪಡುವುದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಹೊತ್ತಿನಲ್ಲಿ ಅವನನ್ನು ಕಂಡು ನನಗೆ ನಿಜವಾಗಿ ದುಃಖವಾಯಿತು.

ಇದು ಇಷ್ಟಕ್ಕೇ ಮುಗಿಯಲಿಲ್ಲ. ಬೀಜದ ಮೇಲಿನ ರಕ್ತನಾಳ ಉಬ್ಬಿಕೊಂಡಿದೆ ಎಂದು ಸರ್ಜನ್ ಡಾಕ್ಟರು ಹೇಳಿದರು. ಅಲ್ಲಿ ಬಿಸಿರಕ್ತ ನಿಂತು ವೀರ್ಯ ಕೆಡುತ್ತದೆ. ಅದರ ಮೇಲೆ ದಿನವಿಡೀ ಬೆಂಕಿಯ ಎದುರು ಗೋಣಿ ಬಿಗಿದು ನಿಲ್ಲುವುದೂ ಒಳ್ಳೆಯದಲ್ಲ. ಒಲೆಯಿಂದ ದೂರ ಇರಬೇಕು, ಸಡಿಲ ಬಟ್ಟೆ ಹಾಕಬೇಕು. "ಮತ್ತೆ ಒಂದು ಸಣ್ಣ ಆಪರೇಷನ್ ಮಾಡಿದರೆ ಒಳ್ಳೆಯದು" ಎಂದರು.

ಆಪರೇಷನ್! ಆ ಮಾತು ಕೇಳಿದ್ದೇ ತಡ, ಮಹಾಬಲಣ್ಣ ಚಪ್ಪಲಿ ಕೂಡ ಸರಿಯಾಗಿ ಮೆಟ್ಟಿಕೊಳ್ಳದೆ ಹೊರಟ.

"ನಾನು ಹೇಳಲಿಲ್ಲವಾ ಬಾಯಿ? ಅದೇ ಜಾಗಕ್ಕೇ ಕತ್ತಿ ಇಡ್ತಾರಂತೆ! ಮಗು ಅಂತ ಆಸೆ ತೋರಿಸಿ ಕರೆದದ್ದು ಇದಕ್ಕೇ. ನಿಮ್ಮ ವೆರೋನಿಕಾಳಿಗೆ ತಲೆಗೆ ಇಷ್ಟು ಅಂತ ಕಮಿಷನ್ ಇರಬೇಕು."

ಅವಳ ಹೆಸರು ತೆಗೆದದ್ದಕ್ಕೆ ನನಗೂ ಸಿಟ್ಟು ಬಂತು. ಕೆಲವು ದಿನ ನಾವಿಬ್ಬರೂ ಮಾತು ಬಿಟ್ಟೆವು. ಅವನು ಬಾಣಲೆಗೆ ಮುಖ ಮಾಡಿ ನಿಂತ, ನಾನು ತೊಂಡೆಕಾಯಿಗೆ.

ಈ ಮೌನ ಮುರಿದದ್ದು ಶಶಿ. ಏಳು ವರ್ಷದಲ್ಲಿ ಗಂಡನಿಗೆ ಎದುರು ಮಾತಾಡದವಳು ಒಂದು ಸಂಜೆ ನಾನು ಇರುವಾಗಲೇ ಕೇಳಿದಳು.

"ನನಗೆ ಕೊಟ್ಟ ಮದ್ದಿನಲ್ಲಿ ಎಂತ ಇತ್ತು ಅಂತ ನಿಮಗೆ ಗೊತ್ತುಂಟಾ?"

"ಪಂಡಿತರ ಮದ್ದು. ಬೇರು, ಸೊಪ್ಪು ಎಂತದೋ."

"ಎಂತದೋ. ಅದನ್ನು ನಾನು ಕುಡಿದೆ. ವಾಂತಿ ಮಾಡಿಕೊಂಡೂ ಕುಡಿದೆ. ಆ ಮದ್ದಿನ ಅಡುಗೆಮನೆ ನೋಡಬೇಕು ಅಂತ ನೀವು ಒಂದು ಸಲ ಆದರೂ ಹೇಳಿದ್ದುಂಟಾ? ನಿಮ್ಮ ಮೈಗೆ ಬಂದಾಗ ಮಾತ್ರ ಸಂಶಯವಾ?"

ಮಹಾಬಲಣ್ಣ ಮರುದಿನ ಸಂಜೆ ಕೆಲಸ ಮುಗಿಸಿ ನನ್ನ ಹತ್ತಿರ ಬಂದು, "ಬಾಯಿ, ಸಿಸ್ಟರನ್ನು ಕೇಳಿ. ಆ ಡಾಕ್ಟರ ಹತ್ತಿರ ನನಗೆ ಸ್ವಲ್ಪ ಮಾತಾಡಲಿಕ್ಕೆ ಉಂಟು" ಎಂದ.

ಈ ಸಲ ಓಡಲಿಲ್ಲ. ಪೊಲೀಸರು ಕೇಳುವ ಹಾಗೆ ಕೇಳಿದ. ಎಲ್ಲಿ ಕೊಯ್ಯುತ್ತೀರಿ? ಎಂತ ಕಟ್ಟುತ್ತೀರಿ? ಕಟ್ಟಬಾರದ್ದನ್ನು ಕಟ್ಟಿದರೆ ನನಗೆ ಹೇಗೆ ಗೊತ್ತಾಗುವುದು? ಡಾಕ್ಟರು ಒಳ್ಳೆಯವರು, ಕಾಗದದಲ್ಲಿ ಚಿತ್ರ ಬಿಡಿಸಿ ತೋರಿಸಿದರು. "ಇದು ವೀರ್ಯ ಹೋಗುವ ನಾಳ. ಮಕ್ಕಳು ಬೇಡ ಎನ್ನುವವರಿಗೆ ಇದನ್ನು ಕಟ್ಟುವುದು. ಇದು ರಕ್ತನಾಳ. ನಿಮಗೆ ಇದನ್ನು ಮಾತ್ರ ಕಟ್ಟುವುದು. ಕೆಲವು ತಿಂಗಳು ಕಳೆದ ಮೇಲೆ ಪುನಃ ವೀರ್ಯ ಪರೀಕ್ಷೆ ಮಾಡುವ. ಆಗಲೂ ನೀವೇ ಕಣ್ಣಿಟ್ಟು ನೋಡಿ."

"ಮಗು ಆಗ್ತದಾ ಡಾಕ್ಟ್ರೇ?"

"ಆಗಬಹುದು, ಆಗದೆಯೂ ಇರಬಹುದು. ನಾನು ಮಾತು ಕೊಡುವುದಿಲ್ಲ."

ಹೊರಗೆ ಬಂದು ಮಹಾಬಲಣ್ಣ ನನಗೆ ಹೇಳಿದ, "ಗ್ಯಾರಂಟಿ ಕೊಟ್ಟಿದ್ದರೆ ನಾನು ನಂಬ್ತಿರಲಿಲ್ಲ ಬಾಯಿ. ಈ ಮನುಷ್ಯ ಸುಳ್ಳು ಹೇಳುದಿಲ್ಲ."

ಇನ್ನು ಖರ್ಚಿನ ಮಾತು. ನಮ್ಮ ನಿಧಿ ಇರುವುದೇ ಅದಕ್ಕಲ್ಲವಾ? ದೊಡ್ಡ ಕಂಪೆನಿಗಳ ವಿಮೆ ನಮ್ಮಂಥವರ ತನಕ ಬಂದಿಲ್ಲ. ಅದಕ್ಕೇ ನಾವೇ ಪ್ರತಿ ತಿಂಗಳು ಸಂಬಳದಿಂದ ಸ್ವಲ್ಪ ಸ್ವಲ್ಪ ಹಾಕಿ ಕಟ್ಟಿದ ನಿಧಿ ಇದು. ಕಾಯಿಲೆ ಬಿದ್ದವರಿಗೆ ಅದರಿಂದ ಸಹಾಯ. ಮಹಾಬಲಣ್ಣನ ವಿಷಯ ಕಮಿಟಿಯ ಎದುರು ಬಂತು. ಕಾರ್ಯದರ್ಶಿ ತಾರಾನಾಥಣ್ಣ ತಲೆ ಅಲ್ಲಾಡಿಸಿದರು.

"ಜ್ವರ ರೋಗ. ಕೈ ಸುಟ್ಟರೆ ಪೆಟ್ಟು. ಮಕ್ಕಳಾಗದ್ದು ರೋಗ ಅಲ್ಲ ರೊಸಾಲಿನ್ ಬಾಯಿ, ಅದು ಹಣೆಬರಹ. ಹಣೆಬರಹಕ್ಕೆ ವಿಮೆ ಕೊಡ್ಲಿಕ್ಕಾಗ್ತದಾ?"

"ಹೆರಿಗೆ ರೋಗವಾ ತಾರಾನಾಥಣ್ಣ?"

"ಅಲ್ಲ."

"ಆದರೂ ಕೊಡ್ತೀರಿ. ನಿಮ್ಮ ಮನೆಯ ಹೆರಿಗೆಗಳಿಗೂ ಕೊಟ್ಟಿದ್ದೇವೆ. ಮಕ್ಕಳು ಸಾಕು ಅಂತ ಆಪರೇಷನ್ ಮಾಡಿಸಿಕೊಂಡವರಿಗೂ ಕೊಡ್ತೀರಿ. ಅದರಲ್ಲೆಲ್ಲ ಮಹಾಬಲಣ್ಣನ ಪಾಲು ಉಂಟು. ಊರಿನವರ ತೊಟ್ಟಿಲು ತೂಗಲಿಕ್ಕೆ ಅವನ ಹಣ ಆಗ್ತದೆ. ಅವನ ಮನೆಗೆ ಮಾತ್ರ ಹಣೆಬರಹವಾ?"

ತಾರಾನಾಥಣ್ಣ ಕೆಟ್ಟವರಲ್ಲ. ಅವರ ಸಂಶಯ ಬೇರೆ. "ಒಬ್ಬರಿಗೆ ಕೊಟ್ಟರೆ ನಾಳೆ ಪಂಡಿತ, ಮಂತ್ರವಾದಿ ಅಂತ ಹೋದವರೆಲ್ಲ ಚೀಟಿ ತರ್ತಾರೆ. ನಿಧಿ ಖಾಲಿ ಆದ ಮೇಲೆ ಕಾಲು ಮುರಿದವನಿಗೆ ಎಂತ ಕೊಡುವುದು?"

ಈ ಮಾತಿನಲ್ಲಿ ಹುರುಳಿತ್ತು, ನಾನೂ ಒಪ್ಪಿದೆ. ಬಾಗಿಲು ತೆರೆಯುವುದಾದರೆ ಚಿಲಕವೂ ಬೇಕು. ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿರಬೇಕು. ಆಸ್ಪತ್ರೆಯ ಡಾಕ್ಟರು ಹೇಳಿದ ಚಿಕಿತ್ಸೆಗೆ ಮಾತ್ರ ಕೊಡಬೇಕು. ಹೆರಿಗೆಗೆ ಹೇಗೆ ಮಿತಿ ಉಂಟೋ ಇದಕ್ಕೂ ಹಾಗೆಯೇ ಮಿತಿ ಇರಬೇಕು. ಹೀಗೆ ಹೇಳಿದಾಗ ತಾರಾನಾಥಣ್ಣ ಗಲ್ಲ ತುರಿಸಿಕೊಂಡರು. "ಕಮಿಟಿಯಿಂದ ಆಗುದಿಲ್ಲ. ಮಹಾಸಭೆಯಲ್ಲಿ ಇಡುವ. ಎಲ್ಲರೂ ಒಪ್ಪಿದರೆ ನನ್ನದು ಅಡ್ಡಿ ಇಲ್ಲ" ಎಂದರು.

ಅಷ್ಟರಲ್ಲಿ ಆಟಿ ಬಂತು. ಗುಲಾಬಿಯಕ್ಕ ಹೇಳಿದ ಹಾಗೆ ಬಂದರು. ಬೆಳಿಗ್ಗೆಯಿಂದ ಬಿಡದ ಮಳೆ. ಶಶಿ ನನ್ನನ್ನು ಕರೆಸಿಕೊಂಡಿದ್ದಳು, ಒಬ್ಬಳೇ ಎದುರಿಸಲಿಕ್ಕೆ ಅವಳಿಗೆ ಧೈರ್ಯ ಇರಲಿಲ್ಲ.

ಮಹಾಬಲಣ್ಣನಿಗೆ ಸುಮ್ಮನಿರಬಹುದಿತ್ತು. ಪರೀಕ್ಷೆಯ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ದೋಷ ಅಳಿಯನದು ಎಂದು ತಿಳಿದರೆ ಆ ಮುದುಕಿ ಮಗಳನ್ನು ಇಲ್ಲಿ ಒಂದು ಗಳಿಗೆಯೂ ಬಿಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೇಳಬೇಡ ಮಾರಾಯ ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ.

ಅವನು ಹೇಳಿಯೇಬಿಟ್ಟ.

"ಮಾಮಿ, ನಿಮ್ಮ ಮಗಳಿಗೆ ಎಂತದೂ ಇಲ್ಲ. ಕುಂದು ಇರುವುದು ನನ್ನಲ್ಲಿ. ನನ್ನ ಕಣ್ಣಿನಲ್ಲಿ ನೋಡಿದ್ದೇನೆ. ಒಂದು ಸಣ್ಣ ಆಪರೇಷನ್ ಮಾಡಬೇಕಂತೆ. ಇಷ್ಟು ವರ್ಷ ಅವಳಿಗೆ ಸುಮ್ಮನೆ ಮದ್ದು ಕುಡಿಸಿದೆವು. ಇನ್ನು ನಿಮಗೆ ಹೇಗೆ ಕಾಣ್ತದೋ ಹಾಗೆ."

ಗುಲಾಬಿಯಕ್ಕ ಕೊಡೆ ತೆಗೆದುಕೊಂಡು ಎದ್ದರು. "ಗಂಟು ಕಟ್ಟು ಶಶಿ. ಹೊರಡುವ."

ಶಶಿ ಅಲುಗಾಡಲಿಲ್ಲ.

"ಅಮ್ಮ, ದೋಷ ನನ್ನದು ಅಂತ ಊರಿಡೀ ಹೇಳುವಾಗ ಇವರು ನನ್ನನ್ನು ಕಳಿಸಲಿಲ್ಲ. ಬೇರೆ ಮದುವೆ ಆಗು ಅಂತ ಇವರ ಕಡೆಯವರು ಹೇಳಿದಾಗಲೂ ಕಳಿಸಲಿಲ್ಲ. ಈಗ ಇವರದ್ದು ಅಂತ ಗೊತ್ತಾದ ಕೂಡಲೇ ನಾನು ಗಂಟು ಕಟ್ಟುವುದಾ?"

ಮಹಾಬಲಣ್ಣ ಗೋಡೆಯ ಕಡೆ ತಿರುಗಿ ನಿಂತ. ಅಷ್ಟು ದೊಡ್ಡ ಗಂಡಸು, ಭುಜ ಅಲ್ಲಾಡುತ್ತಿತ್ತು. ನಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಳು ಬಂದರೆ ಬಂತು, ಅದರಲ್ಲಿ ಎಂತ ನಾಚಿಕೆ?

ಗುಲಾಬಿಯಕ್ಕ ಪುನಃ ಚಾಪೆಯಲ್ಲಿ ಕೂತರು. ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, "ಆಪರೇಷನ್ ಅಂದಿರಲ್ಲ, ಯಾವ ದಿನ?"

"ದಿನ ಇನ್ನೂ ಕೊಡಲಿಲ್ಲ ಮಾಮಿ."

"ದಿನ ಗೊತ್ತಾದರೆ ಹೇಳಿ ಕಳಿಸಿ. ನಾನೂ ಬರ್ತೇನೆ. ಆ ಡಾಕ್ಟರು ಎಂತ ಕೊಯ್ತಾರೆ ಅಂತ ನನಗೂ ವಿಚಾರಿಸಬೇಕು."

ಬಂದರು ಕೂಡ. ಥಿಯೇಟರಿನ ಬಾಗಿಲಲ್ಲಿ ಕೊಡೆ ಹಿಡಿದು ಕೂತು, ಒಳಗೆ ಹೋಗಿ ಬರುವ ಪ್ರತಿ ನರ್ಸನ್ನೂ ತಡೆದು ಪ್ರಶ್ನೆ ಕೇಳಿದರು. ವೆರೋನಿಕಾಳಿಗೆ ಸಾಕೋ ಸಾಕಾಯಿತು! ನಿಧಿಯಿಂದ ಸಹಾಯ ಸಿಗದ ಕಾರಣ ಆ ತಿಂಗಳು ಅವರ ಮನೆ ನಡೆದದ್ದು ಗುಲಾಬಿಯಕ್ಕ ತಂದ ಅಕ್ಕಿಯಲ್ಲಿ. ಮಹಾಬಲಣ್ಣ ಈಗ ಬಾಣಲೆ ಬಿಟ್ಟು ಚಾ ಕೌಂಟರಿನಲ್ಲಿ ನಿಲ್ಲುತ್ತಾನೆ. ಒಲೆಯ ಕೆಲಸವನ್ನು ಒಬ್ಬನಿಗೇ ಹಾಕದೆ ಸರದಿಯಲ್ಲಿ ಮಾಡಿಸಲು ಧಣಿಗಳೂ ಒಪ್ಪಿದ್ದಾರೆ.

ಮಗು ಆಯಿತಾ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ಕಾಯಲು ಹೇಳಿದ್ದಾರೆ, ಕಾಯುತ್ತಿದ್ದಾರೆ. ಮಗು ಆದರೆ ಮಾತ್ರ ಕೊಡುವ, ಇಲ್ಲದಿದ್ದರೆ ಬೇಡ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಜ್ವರದ ಮದ್ದಿಗೆ ಹಣ ಕೊಡುವಾಗ, ಜ್ವರ ಬಿಡುತ್ತದಾ ಎಂದು ನಾವು ಯಾರ ಹತ್ತಿರ ಮುಚ್ಚಳಿಕೆ ಬರೆಸಿಕೊಂಡಿದ್ದೇವೆ?

ಅಣ್ಣಂದಿರೇ, ಅಕ್ಕಂದಿರೇ, ಮದುವೆಯಾಗಿ ಒಂದು ವರ್ಷ ಕಳೆದೂ ಮಕ್ಕಳಾಗದಿದ್ದರೆ ಹೆಂಗಸಿಗೆ ಮದ್ದು ಕುಡಿಸಿ ಕೂರಬೇಡಿ. ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗಿ. ಸಂಶಯ ಇದ್ದರೆ ಇರಲಿ, ಅದನ್ನು ಮನೆಯಲ್ಲಿ ಇಟ್ಟು ಹೋಗಬೇಡಿ, ಜೊತೆಗೆ ಕೊಂಡುಹೋಗಿ ಡಾಕ್ಟರ ಮುಖಕ್ಕೇ ಕೇಳಿ. ಉತ್ತರ ಕೊಡುವುದು ಅವರ ಕೆಲಸ.

ಮತ್ತೆ, ನಿಧಿಯ ಸದಸ್ಯರೆಲ್ಲ ಬರುವ ಮಹಾಸಭೆಗೆ ತಪ್ಪದೆ ಬನ್ನಿ. ಮಕ್ಕಳಾಗದವರ ಚಿಕಿತ್ಸೆಯನ್ನೂ ನಿಧಿಗೆ ಸೇರಿಸಬೇಕಾ ಎಂದು ತಾರಾನಾಥಣ್ಣ ಕೇಳುತ್ತಾರೆ. ಆಗ ಮಕ್ಕಳಿರುವವರು ಮೊದಲು ಕೈ ಎತ್ತಬೇಕು. ಇಲ್ಲದವರು ನಾಚಿಕೆಯಿಂದ ಎತ್ತಲಿಕ್ಕಿಲ್ಲ. ಎಲ್ಲರ ಕೈ ಮೇಲಿದ್ದರೆ, ಅದರಲ್ಲಿ ಯಾವ ಕೈ ಇನ್ನೂ ಮಗು ಎತ್ತಿಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ.